ಅಂಕಸಮುದ್ರದ ಬಾಯ್ಕಳಕ

ಅಂಕಸಮುದ್ರ ಕೆರೆಗೆ ಹೋದವರೆಲ್ಲ ಕ್ಯಾಮೆರಾ ತಿರುಗಿಸುವುದು ಗುಲಾಬಿ ಗರಿಯ ಬಣ್ಣದ ಕೊಕ್ಕರೆಯ ಕಡೆಗೆ. ಅದರ ಪಕ್ಕದಲ್ಲೇ ಮಾಸಲು ಬಿಳಿ ಮೈಯ, ಬಾಯಿ ಪೂರ್ತಿ ಮುಚ್ಚಲು ಬಾರದ ಇನ್ನೊಂದು ಕೊಕ್ಕರೆ ಕೆಸರು ತಡಕುತ್ತಿರುತ್ತದೆ. ಬಾಯ್ಕಳಕ. ಅದನ್ನು ಕೇಳುವವರೇ ಇಲ್ಲ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಆ ಕೆರೆಯಿಂದ ವಾಪಸಾದ ಮೇಲೂ ನನ್ನ ತಲೆಯಲ್ಲಿ ಕೂತಿರುವುದು ಆ ಹಕ್ಕಿಯೇ.

ಏರಿಯ ಮೇಲೆ ನಿಂತು ದುರ್ಬೀನಿನಲ್ಲಿ ನೋಡಿದೆ. ಕೊಕ್ಕಿನ ಎರಡೂ ದಳ ಬುಡದಲ್ಲಿ ಕೂಡಿ, ತುದಿಯಲ್ಲಿ ಕೂಡಿ, ನಡುವೆ ಆಚೆಯ ಬೆಳಕು ಕಾಣುವಷ್ಟು ಸಂದು ಬಿಟ್ಟಿವೆ. ಹಕ್ಕಿ ತಲೆಯನ್ನು ನೀರಿಗೆ ಅದ್ದಿ, ಒಳಗೇ ಏನೋ ಗುದ್ದಾಡಿ ಮೇಲೆತ್ತಿದಾಗ ಕೊಕ್ಕಿನಲ್ಲಿ ಬಸವನಹುಳುವಿನ ಮಾಂಸ ಮಾತ್ರ ಜೋತಾಡುತ್ತಿತ್ತು. ಚಿಪ್ಪು ಎಲ್ಲಿ ಹೋಯಿತು? ದಂಡೆಯಲ್ಲಿ ಬಿದ್ದಿದ್ದ ಚಿಪ್ಪುಗಳನ್ನು ಆರಿಸಿ ನೋಡಿದರೆ ಹೆಚ್ಚಿನವು ಬಿರುಕೂ ಬಿಡದೆ ಇಡಿಯಾಗಿದ್ದವು. ಎಮ್ಮೆ ಹೊಡ್ಕೊಂಡು ಬಂದ ಹಿರಿಯರೊಬ್ಬರು ನಕ್ಕರು: "ಅದು ಒಡಿಯಂಗಿಲ್ರೀ ಸರ, ಕೀಳ್ತೈತಿ."

ಜೀವಶಾಸ್ತ್ರದ ದೊಡ್ಡ ಹೆಸರು ಜೂಲಿಯನ್ ಹಕ್ಸ್‌ಲಿ ಇಲ್ಲೇ ಎಡವಿದ್ದು. ಸಂಗ್ರಹಾಲಯದ ಮಾದರಿಗಳನ್ನೂ ಹಳೆಯ ಬರಹಗಳನ್ನೂ ನೋಡಿ, ಈ ಸಂದು ಇರುವುದು ಅಡಕತ್ತರಿಯ ಹಾಗೆ ಚಿಪ್ಪು ಒಡೆಯಲಿಕ್ಕೆ, ಕೊಕ್ಕಿನ ಅಂಚು ಒರಟಾದದ್ದು ಒಡೆದೊಡೆದು ಸವೆದಿದ್ದಕ್ಕೆ ಎಂದುಬಿಟ್ಟರು. ಆಮೇಲಿನ ಅಧ್ಯಯನಗಳು ಅದನ್ನು ತಳ್ಳಿಹಾಕಿದವು. ಹಕ್ಕಿ ಕೆಳಕೊಕ್ಕಿನ ಚೂಪು ತುದಿಯನ್ನು ಹುಳುವಿನ ಮುಚ್ಚಳದ ಅಡಿಗೆ ತೂರಿಸಿ, ಚಿಪ್ಪಿಗೆ ಅಂಟಿಕೊಂಡ ಸ್ನಾಯುವನ್ನು ಕತ್ತರಿಸಿ, ಮಾಂಸವನ್ನು ಎಳೆದುಕೊಳ್ಳುತ್ತದೆ; ಒರಟು ಅಂಚು ಜಾರುವ ಚಿಪ್ಪನ್ನು ಹಿಡಿದುಕೊಳ್ಳಲು ಇರಬಹುದು ಎನ್ನುತ್ತಾರೆ. ಮದ್ರಾಸ್ ಸೇನೆಯ ವೈದ್ಯನಾಗಿದ್ದ ಜೆರ್ಡನ್ ಅಂತೂ 19ನೇ ಶತಮಾನದಲ್ಲೇ, ಕಣ್ಣು ಕಟ್ಟಿದರೂ ಇದು ಹುಳು ಹಿಡಿಯುತ್ತದೆ ಎಂದು ಬರೆದಿಟ್ಟಿದ್ದಾನೆ. ಕೊಕ್ಕರೆಯ ಕಣ್ಣಿಗೆ ಬಟ್ಟೆ ಕಟ್ಟಿದ ಪುಣ್ಯಾತ್ಮರಿಗೆ ದೊಡ್ಡ ನಮಸ್ಕಾರ! ಇನ್ನೂ ಸೋಜಿಗವೆಂದರೆ ಮರಿಗಳ ಕೊಕ್ಕಿನಲ್ಲಿ ಸಂದೇ ಇರುವುದಿಲ್ಲ. ವಯಸ್ಸಾದಂತೆ ಬಿಟ್ಟುಕೊಳ್ಳುತ್ತದೆ.

ಇನ್ನು ಕೆರೆಯ ಚರಿತ್ರೆ. ಶತಮಾನಗಳ ಹಿಂದೆ ನೀರಾವರಿಗೆಂದು ಕಟ್ಟಿದ್ದು, ತುಂಗಭದ್ರಾ ಜಲಾಶಯದ ಪಕ್ಕದಲ್ಲಿದೆ, ವಿಸ್ತೀರ್ಣ 98.76 ಹೆಕ್ಟೇರ್. 2017ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವಾಯಿತು. 2024ರ ಜನವರಿ ಕೊನೆಯಲ್ಲಿ ಮಾಗಡಿ ಕೆರೆ, ಅಘನಾಶಿನಿ ಅಳಿವೆಯ ಜೊತೆಗೆ, ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿದ ಸುದ್ದಿ ಬಂತು. ರಾಮ್ಸರ್ ದಾಖಲೆಯ ಪ್ರಕಾರ ಇಲ್ಲಿ 240ಕ್ಕೂ ಹೆಚ್ಚು ಜಾತಿಯ ಹಕ್ಕಿಗಳಿವೆ, 30 ಸಾವಿರಕ್ಕೂ ಹೆಚ್ಚು ನೀರುಹಕ್ಕಿಗಳು ಗೂಡು ಕಟ್ಟುತ್ತವೆ, ತಂಗುತ್ತವೆ. ಬರದ ಸೀಮೆ ಎಂದು ನಮ್ಮ ಕಡೆಯನ್ನು ಕರೆಯುವವರು ಈ ಕೆರೆಯನ್ನು ಒಮ್ಮೆ ನೋಡಲಿ.

ಮೀಸಲು, ರಾಮ್ಸರ್ ಎಂಬ ಫಲಕಗಳ ಮೇಲೆ ನನಗೆ ಅಷ್ಟು ನಂಬಿಕೆಯಿಲ್ಲ. ಹಕ್ಕಿಗಳನ್ನು ಇಲ್ಲಿ ಹಿಡಿದಿಟ್ಟಿರುವುದು ನೀರಿನ ನಡುವೆ ನಿಂತ ಮುಳ್ಳಿನ ಕರಿಜಾಲಿ. ಸುತ್ತ ನೀರಿರುವವರೆಗೆ ನಾಯಿ, ಬೆಕ್ಕು ಗೂಡಿನ ತಂಟೆಗೆ ಬರುವುದಿಲ್ಲ. ನೀರು ಇಳಿದರೆ ರಾಮ್ಸರ್ ಎಂಬ ಹೆಸರು ಮರಿಗಳನ್ನು ಕಾಯದು. ನನ್ನ ಓಟು ಕರಿಜಾಲಿಗೆ.

ನೀರು ಹೋದರೆ ಕೊಕ್ಕರೆಗಳಿಗೆ ಏನಾಗುತ್ತದೆ ಎಂಬುದಕ್ಕೆ ಸ್ವೀಡನ್ನಿನ ಕಥೆ ಇದೆ. ಜೌಗು ನೆಲವನ್ನೆಲ್ಲ ಬಸಿದು ಹೊಲ ಮಾಡಿಕೊಂಡ ಆ ದೇಶದಲ್ಲಿ 1954ರ ಹೊತ್ತಿಗೆ ಬಿಳಿ ಕೊಕ್ಕರೆ ಮರಿ ಮಾಡುವುದೇ ನಿಂತುಹೋಯಿತು. 1989ರಲ್ಲಿ ದಕ್ಷಿಣದ ಸ್ಕೋನೆಯಲ್ಲಿ ಪಂಜರದಲ್ಲಿ ಸಾಕಿ ಬಿಡುವ ಕೆಲಸ ಶುರುವಾಯಿತು. ದುಡ್ಡಿರುವ ದೇಶ, ಮಾಡಿತು. ನಮಗೆ ಅಂಥ ಗತಿ ಬಂದರೆ ಬಾಯ್ಕಳಕಕ್ಕೆ ಪಂಜರ ಕಟ್ಟಿಸುವವರು ಯಾರು?

ಅದಕ್ಕೇ ಎರಡು ಮಾತು. ಕೆರೆಯ ಆಸುಪಾಸಿನ ರೈತರು ಗದ್ದೆಗೆ ವಿಷ ಹೊಡೆಯುವ ಮುನ್ನ ಬಸವನಹುಳುವನ್ನು ನಂಬಿದ ಈ ಹಕ್ಕಿಯನ್ನು ನೆನೆಯಲಿ. ನೋಡಲು ಹೋಗುವವರು ಏರಿಯಿಂದ ಕೆಳಗಿಳಿಯಬೇಡಿ, ಮರಿಗಳಿರುವಾಗ ಡ್ರೋನ್ ಹಾರಿಸಬೇಡಿ. ದುರ್ಬೀನು ಇಲ್ಲದಿದ್ದರೆ ಯಾರದಾದರೂ ಕೇಳಿ ಪಡೆದು ಒಯ್ಯಿರಿ.