ಎಚ್‌ಎಸ್-748 ಆವ್ರೊ

ಎಚ್‌ಎಸ್-748 ಎರಡು ಟರ್ಬೊಪ್ರಾಪ್ ಎಂಜಿನ್‌ಗಳುಳ್ಳ ಮಧ್ಯಮ ಗಾತ್ರದ ಸಾಗಣೆ ವಿಮಾನ. ಬ್ರಿಟನ್ನಿನ ಆವ್ರೊ ಸಂಸ್ಥೆ ಇದನ್ನು ರೂಪಿಸಿತು. ಆ ಸಂಸ್ಥೆ ಹಾಕರ್ ಸಿಡ್ಲಿ ಸಮೂಹದಲ್ಲಿ ಲೀನವಾದ ಮೇಲೆ ಹೆಸರು ಎಚ್‌ಎಸ್-748 ಎಂದಾಯಿತಾದರೂ ಭಾರತೀಯ ವಾಯುಪಡೆಯಲ್ಲಿ ಇದು ಇಂದಿಗೂ ‘ಆವ್ರೊ’ ಎಂದೇ ಪರಿಚಿತ. ಬೆಂಗಳೂರಿನಲ್ಲಿ ನಡೆದ ದೇಶದ ಮೊದಲ ವೈಮಾನಿಕ ಕಣ್ಗಾವಲು ಪ್ರಯೋಗಕ್ಕೂ ಇದೇ ವಿಮಾನವನ್ನು ಬಳಸಲಾಯಿತು.

ನಿರ್ಮಾಣ

ಮೂಲ ಮಾದರಿಯು 1960ರ ಜೂನ್ 24ರಂದು ಮೊದಲ ಬಾರಿಗೆ ಹಾರಿತು. ಪರವಾನಗಿಯ ಮೇರೆಗೆ ಕಾನ್ಪುರದ ವಾಯುಪಡೆಯ ಡಿಪೊದಲ್ಲಿ ಜೋಡಿಸಿದ ಮೊದಲ ವಿಮಾನ 1961ರ ನವೆಂಬರ್ 1ರಂದು ಆಕಾಶಕ್ಕೇರಿತು. ಅದಕ್ಕೆ ‘ಸುಬ್ರೊತೊ’ ಎಂದು ಹೆಸರಿಡಲಾಗಿತ್ತು. ಆ ಡಿಪೊ ಮುಂದೆ ಹಿಂದೂಸ್ತಾನ್ ಏರೊನಾಟಿಕ್ಸ್‌ನ (ಎಚ್‌ಎಎಲ್) ಭಾಗವಾಯಿತು. ಅಲ್ಲಿ ಒಟ್ಟು 89 ವಿಮಾನಗಳು ತಯಾರಾದವು. 72 ವಾಯುಪಡೆಗೆ, 17 ಇಂಡಿಯನ್ ಏರ್‌ಲೈನ್ಸ್‌ಗೆ ಸೇರಿದವು. ಇದರ ರೋಲ್ಸ್ ರಾಯ್ಸ್ ಡಾರ್ಟ್ ಎಂಜಿನ್‌ಗಳನ್ನು ಬೆಂಗಳೂರಿನ ಎಚ್‌ಎಎಲ್ ಎಂಜಿನ್ ವಿಭಾಗದಲ್ಲಿಯೂ ನಿರ್ಮಿಸಲಾಯಿತು. ಸಾಗಣೆ ವಿಮಾನಗಳ ಪೈಲಟ್‌ಗಳ ತಲೆಮಾರುಗಳು ಯಲಹಂಕದ ವಾಯುನೆಲೆಯಲ್ಲಿ ಆವ್ರೊ ಮೇಲೆ ತರಬೇತಿ ಪಡೆದಿವೆ.

ಟರ್ಬೊಪ್ರಾಪ್ ಎಂದರೆ ಅನಿಲ ಟರ್ಬೈನಿನ ಬಲದಿಂದ ಪ್ರೊಪೆಲ್ಲರ್ ತಿರುಗಿಸುವ ಎಂಜಿನ್. ಜೆಟ್‌ಗಿಂತ ವೇಗ ಕಡಿಮೆ, ಇಂಧನ ವೆಚ್ಚವೂ ಕಡಿಮೆ. ಚಿಕ್ಕ ಓಡುಪಥ ಸಾಕು. ಸಂಡೂರು ತಾಲ್ಲೂಕಿನ ತೋರಣಗಲ್ಲಿನ ವಿದ್ಯಾನಗರ ನಿಲ್ದಾಣದಲ್ಲಿ ಎಟಿಆರ್-72 ವಿಮಾನವನ್ನು ಕಂಡವರಿಗೆ ಈ ಬಗೆ ಹೊಸದಲ್ಲ. ಆದರೆ ಎಟಿಆರ್‌ನ ರೆಕ್ಕೆಗಳು ಒಡಲಿನ ಮೇಲ್ಭಾಗದಲ್ಲಿವೆ. ಆವ್ರೊದ ರೆಕ್ಕೆಗಳು ಕೆಳಭಾಗದಲ್ಲಿವೆ. ಇದರಿಂದ ವಿಮಾನದ ನೆಲಗಟ್ಟು ಭೂಮಿಯಿಂದ ಎತ್ತರದಲ್ಲಿರುತ್ತದೆ, ಭಾರವಾದ ಸಾಮಗ್ರಿಯನ್ನು ಏರಿಸುವುದು ತೊಡಕಾಗುತ್ತದೆ. ನಂತರ ದೊಡ್ಡ ಸರಕು ಬಾಗಿಲುಳ್ಳ ಸೈನಿಕ ಮಾದರಿಯನ್ನು ತಯಾರಿಸಿದರೂ ಈ ಮೂಲ ಮಿತಿ ಉಳಿದೇ ಇತ್ತು.

ವೈಮಾನಿಕ ಕಣ್ಗಾವಲು ಪ್ರಯೋಗ

ರೇಡಾರ್ ಅಲೆಗಳು ಬಹುಮಟ್ಟಿಗೆ ನೇರವಾಗಿ ಚಲಿಸುತ್ತವೆ, ಭೂಮಿಯ ಮೇಲ್ಮೈ ಮಾತ್ರ ಬಾಗಿದೆ. ಆದ್ದರಿಂದ ನೆಲದ ಮೇಲೆ 10 ಮೀಟರ್ ಎತ್ತರದಲ್ಲಿರುವ ರೇಡಾರ್, 100 ಮೀಟರ್ ಎತ್ತರದಲ್ಲಿ ಬರುತ್ತಿರುವ ವಿಮಾನವನ್ನು ಸುಮಾರು 50 ಕಿ.ಮೀ. ದೂರಕ್ಕೆ ಬಂದಾಗಲಷ್ಟೇ ಕಾಣಬಲ್ಲದು. ರೇಡಾರನ್ನೇ 6,000 ಮೀಟರ್ ಎತ್ತರಕ್ಕೆ ಒಯ್ದರೆ ಅದರ ದಿಗಂತ 300 ಕಿ.ಮೀ. ದಾಟುತ್ತದೆ. ಹಂಪಿಯಲ್ಲಿ ಬಂಡೆಗಳ ನಡುವೆ ನಿಂತವನಿಗೆ ಪಕ್ಕದ ಗುಡಿಯೂ ಕಾಣದು. ಮಾತಂಗ ಪರ್ವತವೇರಿದವನಿಗೆ ತುಂಗಭದ್ರೆಯ ಎರಡೂ ದಂಡೆ ಕಾಣುತ್ತವೆ. ತತ್ತ್ವ ಅದೇ.

ಈ ಉದ್ದೇಶದಿಂದ ರಕ್ಷಣಾ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆಯು (ಡಿಆರ್‌ಡಿಒ) 1980ರ ದಶಕದಲ್ಲಿ ಕಾರ್ಯ ಆರಂಭಿಸಿತು. ಇದರ ಹೊಣೆಯನ್ನು ಮುಂದೆ ಬೆಂಗಳೂರಿನ ವಾಯುವಾಹಿತ ವ್ಯವಸ್ಥೆಗಳ ಕೇಂದ್ರ (ಕ್ಯಾಬ್ಸ್) ವಹಿಸಿಕೊಂಡಿತು. ಆವ್ರೊದ ಬೆನ್ನಿನ ಮೇಲೆ ಕಂಬಗಳನ್ನು ನಿಲ್ಲಿಸಿ, 7 ಮೀಟರಿಗೂ ಹೆಚ್ಚು ವ್ಯಾಸದ, ತಟ್ಟೆಯಾಕಾರದ ತಿರುಗುವ ಗುಮ್ಮಟವನ್ನು (ರೋಟೊಡೋಮ್) ಕೂರಿಸಲಾಯಿತು. ಆಂಟೆನಾ ಗುಮ್ಮಟದೊಳಗಿದ್ದು, ಅದರೊಂದಿಗೇ ಸುತ್ತುತ್ತ ಎಲ್ಲ ದಿಕ್ಕುಗಳನ್ನೂ ನೋಡುವುದು ಇದರ ಕ್ರಮ. ‘ಐರಾವತ’ ಎಂಬ ಹೆಸರೂ ಈ ಯೋಜನೆಗಿತ್ತು. ಐವತ್ತರ ದಶಕದ ಕೊನೆಯಲ್ಲಿ ಪ್ರಯಾಣಿಕರಿಗಾಗಿ ರೂಪಿಸಿದ ಒಡಲಿಗೆ ಇಷ್ಟು ದೊಡ್ಡ ಹೊರೆಯನ್ನು ಹೊರಿಸಿ ಹಾರಿಸಿದ್ದು ಸಾಮಾನ್ಯ ಸಾಹಸವಲ್ಲ.

1999ರ ಜನವರಿ 11ರಂದು ತಮಿಳುನಾಡಿನ ಅರಕ್ಕೋಣಂ ನೌಕಾ ವಾಯುನೆಲೆಯ ಸಮೀಪ ಪರೀಕ್ಷಾ ಹಾರಾಟದಲ್ಲಿದ್ದ ಈ ವಿಮಾನದ ಗುಮ್ಮಟ ಕಳಚಿತು. ವಿಮಾನ ನಿಯಂತ್ರಣ ತಪ್ಪಿ ನೆಲಕ್ಕಪ್ಪಳಿಸಿತು. ಅದರಲ್ಲಿದ್ದ ಎಂಟು ಮಂದಿಯೂ, ಅಂದರೆ ನಾಲ್ವರು ವಿಜ್ಞಾನಿಗಳು ಮತ್ತು ನಾಲ್ವರು ವಾಯುಪಡೆಯ ಅಧಿಕಾರಿಗಳು, ಮೃತಪಟ್ಟರು. ನಷ್ಟ ಒಂದು ವಿಮಾನದ್ದಷ್ಟೇ ಆಗಿರಲಿಲ್ಲ. ವರ್ಷಗಟ್ಟಲೆ ದುಡಿದು ಆ ವಿದ್ಯೆಯನ್ನು ಕರಗತ ಮಾಡಿಕೊಂಡವರೇ ಹೋದರು, ಯೋಜನೆ ನಿಂತಿತು.

ಕ್ಯಾಬ್ಸ್ ಮತ್ತೆ ಈ ಕಾರ್ಯಕ್ಕೆ ಕೈಹಾಕಿದಾಗ ಬ್ರೆಜಿಲ್‌ನ ಎಂಬ್ರೇರ್ ಜೆಟ್ ವಿಮಾನವನ್ನು ಆಯ್ದುಕೊಂಡಿತು. ತಿರುಗುವ ಗುಮ್ಮಟದ ಬದಲು, ಬೆನ್ನಿನ ಮೇಲೆ ಉದ್ದಕ್ಕೆ ಮಲಗಿಸಿದ ತೊಲೆಯಂತಹ ಸ್ಥಿರ ಆಂಟೆನಾವನ್ನು ಅದಕ್ಕೆ ಅಳವಡಿಸಿತು. ‘ನೇತ್ರ’ ಎಂಬ ಈ ವಿಮಾನವನ್ನು 2017ರ ಫೆಬ್ರವರಿಯಲ್ಲಿ ಯಲಹಂಕದ ಏರೊ ಇಂಡಿಯಾ ಪ್ರದರ್ಶನದಲ್ಲಿ ವಾಯುಪಡೆಗೆ ಒಪ್ಪಿಸಲಾಯಿತು.

ಉತ್ತರಾಧಿಕಾರಿ

ಆವ್ರೊಗಳ ಸ್ಥಾನದಲ್ಲಿ 56 ಸಿ-295 ವಿಮಾನಗಳನ್ನು ಪಡೆಯಲು 2021ರ ಸೆಪ್ಟೆಂಬರ್‌ನಲ್ಲಿ ಏರ್‌ಬಸ್ ಜೊತೆ ಒಪ್ಪಂದವಾಯಿತು. ಇದೂ ಎರಡು ಟರ್ಬೊಪ್ರಾಪ್ ಎಂಜಿನ್‌ಗಳ ವಿಮಾನವೇ. ಆದರೆ ರೆಕ್ಕೆ ಮೇಲಿದೆ, ಹಿಂಭಾಗದಲ್ಲಿ ಇಳಿಜಾರು ಬಾಗಿಲಿದೆ. 16 ವಿಮಾನಗಳು ಸ್ಪೇನ್‌ನಲ್ಲಿ, 40 ವಿಮಾನಗಳು ಗುಜರಾತಿನ ವಡೋದರಾದ ಟಾಟಾ ಕಾರ್ಖಾನೆಯಲ್ಲಿ ಸಿದ್ಧವಾಗಬೇಕೆಂಬುದು ಒಪ್ಪಂದದ ಕರಾರು. ಮೊದಲನೆಯದನ್ನು 2023ರ ಸೆಪ್ಟೆಂಬರ್ 13ರಂದು ಸ್ಪೇನಿನ ಸೆವಿಲ್ಲೆಯಲ್ಲಿ ಹಸ್ತಾಂತರಿಸಲಾಯಿತು.