ಭೂಮಿ ಗಿರ್ರನೆ ತಿರುಗಿದಾಗ

ನಸುಕಿನ ಹೊತ್ತು. ಹಾಲಿನವನ ಕೂಗು ಕೇಳಿ ಮನೆಯೊಡತಿ ಹಾಸಿಗೆಯಲ್ಲಿ ಮಗ್ಗುಲು ಬದಲಿಸುತ್ತಾಳೆ. ಒಡನೆಯೇ ಸೂರು, ಗೋಡೆ, ಗೋಡೆಯ ಮೇಲಿನ ಪಟ ಎಲ್ಲವೂ ಬುಗುರಿಯಂತೆ ಸುತ್ತತೊಡಗುತ್ತವೆ. ಹೊಟ್ಟೆ ತೊಳಸುತ್ತದೆ. ಮಂಚದ ಅಂಚನ್ನು ಬಿಗಿಯಾಗಿ ಹಿಡಿದು ಕಣ್ಣು ಮುಚ್ಚಿದರೂ ಸುತ್ತು ನಿಲ್ಲದು. ಅರ್ಧ ನಿಮಿಷ ಕಳೆಯುವಷ್ಟರಲ್ಲಿ ಎಲ್ಲವೂ ಮೊದಲಿನಂತೆಯೇ! ಆದರೆ ಮನೆಯಲ್ಲಿ ಎದ್ದ ಗಾಬರಿ ಅಷ್ಟು ಬೇಗ ಅಡಗುವುದಿಲ್ಲ. ಅತ್ತೆಯವರು ಪಿತ್ತವೆನ್ನುತ್ತಾರೆ, ಯಜಮಾನರು ರಕ್ತದ ಒತ್ತಡವೆನ್ನುತ್ತಾರೆ, ನೆರೆಮನೆಯವರು ನಿಂಬೆಹಣ್ಣಿನ ಪಾನಕ ತರುತ್ತಾರೆ. ಕಿವಿಯ ಮಾತನ್ನು ಮಾತ್ರ ಯಾರೂ ಎತ್ತುವುದಿಲ್ಲ.

ಅದರಲ್ಲಿ ಆಶ್ಚರ್ಯಪಡುವಂಥದೇನೂ ಇಲ್ಲ. ಒಂದು ಕಾಲಕ್ಕೆ ವೈದ್ಯರೇ ಅದನ್ನು ಎತ್ತುತ್ತಿರಲಿಲ್ಲ. ತಲೆಸುತ್ತಿ ಬಿದ್ದವನ ಮಿದುಳಿಗೆ ರಕ್ತ ನುಗ್ಗಿದೆಯೆಂದು ಬಗೆದು, ಜಿಗಣೆ ಕಚ್ಚಿಸಿ, ನೆತ್ತರು ತೆಗೆಯುತ್ತಿದ್ದರು. ಪ್ಯಾರಿಸ್ಸಿನ ಕಿವುಡರ ಸಂಸ್ಥೆಯಲ್ಲಿ ವೈದ್ಯನಾಗಿದ್ದ ಪ್ರಾಸ್ಪೆರ್ ಮೆನಿಯೇರ್ ಎಂಬಾತನು 1861ರಲ್ಲಿ, ಇಂಥ ಅನೇಕರ ರೋಗದ ಮೂಲ ಮಿದುಳಲ್ಲ, ಒಳಗಿವಿ ಎಂದು ವೈದ್ಯರ ಸಭೆಯ ಮುಂದೆ ಸಾರಿದನು. ಸಭೆ ಅದಕ್ಕೆ ಅಷ್ಟಾಗಿ ಕಿವಿಗೊಡಲಿಲ್ಲ. ಮರುವರ್ಷವೇ ಆತನು ತೀರಿಕೊಂಡನು. ಇಂದು ಆತನ ಹೆಸರೇ ಒಂದು ಕಾಯಿಲೆಯ ಹೆಸರಾಗಿ ಉಳಿದಿದೆ.

ಕಿವಿ ಇರುವುದು ಕೇಳುವುದಕ್ಕೆ ಮಾತ್ರವಲ್ಲ. ಅದರ ಒಳಭಾಗದಲ್ಲಿ, ಮೂಳೆಯ ಗೂಡಿನೊಳಗೆ, ಬಳೆಯ ತುಂಡಿನಂತೆ ಬಾಗಿದ ಮೂರು ಸಣ್ಣ ನಾಳಗಳಿವೆ. ಅವುಗಳಲ್ಲಿ ದ್ರವ ತುಂಬಿದೆ. ನೀರು ತುಂಬಿದ ತಂಬಿಗೆಯನ್ನು ಥಟ್ಟನೆ ತಿರುಗಿಸಿದರೆ ತಂಬಿಗೆ ತಿರುಗುತ್ತದೆ, ನೀರು ಹಿಂದುಳಿಯುತ್ತದೆ. ಇಲ್ಲಿಯೂ ಹಾಗೆಯೇ: ಹಿಂದುಳಿದ ದ್ರವವು ಕೂದಲಿಗಿಂತಲೂ ಸೂಕ್ಷ್ಮವಾದ ಎಳೆಗಳನ್ನು ಬಾಗಿಸುತ್ತದೆ, ತಲೆ ಎತ್ತ ತಿರುಗಿತೆಂಬ ಸುದ್ದಿ ಮಿದುಳಿಗೆ ಹೋಗುತ್ತದೆ, ಕಣ್ಣುಗಳು ಆ ಕ್ಷಣವೇ ಎದುರು ದಿಕ್ಕಿಗೆ ಸರಿದು ನೋಟವನ್ನು ನಿಲ್ಲಿಸುತ್ತವೆ. ನಾಳಗಳ ಪಕ್ಕದ ಕೋಶಗಳಲ್ಲಿ ಸುಣ್ಣದ ಹರಳುಗಳ ಒಂದು ಹಾಸುಂಟು. ಮೇಲಾವುದು ಕೆಳಗಾವುದು ಎಂಬುದನ್ನು ಅದು ತಿಳಿಸುತ್ತದೆ.

ಆ ಹರಳುಗಳಲ್ಲಿ ಕೆಲವು ಕಳಚಿ ನಾಳದೊಳಕ್ಕೆ ಉರುಳಿದರೆ ಮೇಲೆ ಹೇಳಿದ ಮನೆಯೊಡತಿಯ ಅವಸ್ಥೆಯಾಗುತ್ತದೆ. ಮಗ್ಗುಲು ಬದಲಿಸಿದಾಗ, ಬಗ್ಗಿದಾಗ, ಅಟ್ಟದ ಡಬ್ಬಿಯತ್ತ ಕತ್ತೆತ್ತಿದಾಗ ಸುತ್ತು ಬರುತ್ತದೆ. ಸಾಮಾನ್ಯವಾಗಿ ಒಂದು ನಿಮಿಷದೊಳಗೆ ಹೋಗುತ್ತದೆ. ಇದಕ್ಕೆ ಔಷಧಿಗಿಂತ ಉಪಾಯವೇ ಮೇಲು. ಅಮೆರಿಕದ ಜಾನ್ ಎಪ್ಲಿ ಎಂಬ ವೈದ್ಯನು ರೋಗಿಯ ತಲೆಯನ್ನು ಹಂತಹಂತವಾಗಿ ಹೊರಳಿಸಿ, ಹರಳುಗಳನ್ನು ಬಂದ ದಾರಿಯಲ್ಲೇ ಮರಳಿಸುವ ಕ್ರಮವನ್ನು ಕಂಡುಹಿಡಿದನು. ತಲೆ ತಿರುಗುವವನ ತಲೆಯನ್ನು ಮತ್ತಷ್ಟು ತಿರುಗಿಸುವುದೇ ಎಂದು ಸಹೋದ್ಯೋಗಿಗಳು ನಕ್ಕರಂತೆ! ಆತನ ವಿವರವಾದ ಲೇಖನ ಅಚ್ಚಾದದ್ದು 1992ರಲ್ಲಿ. ಈಗ ಕಿವಿಯ ವೈದ್ಯರು ಇದನ್ನು ಕೆಲವೇ ನಿಮಿಷಗಳಲ್ಲಿ ಮಾಡಿ ಮುಗಿಸುತ್ತಾರೆ. ಹೆಚ್ಚಿನವರಿಗೆ ಒಂದೆರಡು ಸಲದಲ್ಲೇ ಗುಣ ಕಾಣುತ್ತದೆ.

ಮೆನಿಯೇರನ ಕಾಯಿಲೆ ಇಷ್ಟು ಸುಲಭವಾಗಿ ಬಿಡುವಂಥದಲ್ಲ. ಅದರಲ್ಲಿ ಸುತ್ತು ಗಂಟೆಗಟ್ಟಲೆ ಕಾಡಬಹುದು. ಕಿವಿ ಗುಂಯ್‌ಗುಡುತ್ತದೆ, ಕಟ್ಟಿದಂತಾಗುತ್ತದೆ. ಕೇಳುವ ಶಕ್ತಿ ಕುಂದುತ್ತದೆ. ಉಪ್ಪನ್ನು ಮಿತಗೊಳಿಸಿರೆಂದು ಅನೇಕ ವೈದ್ಯರು ಹೇಳುತ್ತಾರೆ. ಹಪ್ಪಳ ಉಪ್ಪಿನಕಾಯಿಗಳಿಲ್ಲದೆ ಊಟವೇ ಸೇರದವರಿಗೆ ಇದೊಂದು ಕಠಿಣ ವ್ರತ.

ಮಾತು ತೊದಲಿದರೆ, ಒಂದು ವಸ್ತು ಎರಡಾಗಿ ಕಂಡರೆ, ಕೈಕಾಲು ಸೋತರೆ, ಎಂದೂ ಇಲ್ಲದ ತಲೆನೋವು ಜೊತೆಗೂಡಿದರೆ ಅದನ್ನು ಕಿವಿಯ ಸುತ್ತೆಂದು ಬಗೆದು ಕಾಯಬಾರದು. ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಎರಡೂ ಒಳಗಿವಿಗಳ ಈ ಯಂತ್ರವೇ ಪೂರ್ತಿ ಕೆಟ್ಟುಹೋದರೆ? ಹಾಗಾದ ಒಬ್ಬ ವೈದ್ಯನು ತನ್ನ ಅನುಭವವನ್ನು ತಾನೇ ಬರೆದಿಟ್ಟಿದ್ದಾನೆ. 1952ರಲ್ಲಿ ಅಮೆರಿಕದ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಪತ್ರಿಕೆಯಲ್ಲಿ ಅಚ್ಚಾದ ಆ ಲೇಖನದ ಕೆಳಗೆ ‘ಜೆ. ಸಿ.’ ಎಂಬ ಎರಡೇ ಅಕ್ಷರಗಳಿದ್ದವು. ಮೊಣಕಾಲಿನ ಕ್ಷಯಕ್ಕೆಂದು ಆತನಿಗೆ ಸ್ಟ್ರೆಪ್ಟೊಮೈಸಿನ್ ಚುಚ್ಚುಮದ್ದು ಕೊಟ್ಟಿದ್ದರು. ಅದು ಒಳಗಿವಿಯನ್ನು ಕೆಡಿಸಿತು. ಹಾಸಿಗೆಯಲ್ಲಿ ಅಲುಗದೆ ಮಲಗಿ ಪುಸ್ತಕ ಹಿಡಿದರೂ ನಾಡಿಯ ಬಡಿತಕ್ಕೆ ತಲೆ ಅದುರಿ ಅಕ್ಷರಗಳು ಕುಣಿಯುತ್ತಿದ್ದವು. ಮಂಚದ ತಲೆದೆಸೆಯ ಎರಡು ಕಬ್ಬಿಣದ ಸರಳುಗಳ ನಡುವೆ ತಲೆಯನ್ನು ಸಿಕ್ಕಿಸಿಕೊಂಡು ಆತನು ಓದಬೇಕಾಯಿತು! ನಡೆಯುವಾಗ ಬೀದಿಯ ಫಲಕವನ್ನು ಓದಬೇಕೆಂದರೆ ನಿಂತೇ ಓದಬೇಕು. ಆಸ್ಪತ್ರೆಯ ಓಣಿಯು ಆತನಿಗೆ ಬಾಗಿ ಬಳುಕುವ ಕೊಳವೆಯಂತೆ ತೋರುತ್ತಿತ್ತು. ಕೆಟ್ಟ ಯಂತ್ರ ಮರಳಿ ಬರಲಿಲ್ಲ. ಆದರೆ ಕಣ್ಣುಗಳೂ ಕಾಲಿನ ಸ್ನಾಯುಗಳೂ ಅದರ ಕೆಲಸವನ್ನು ಹಂಚಿಕೊಂಡವು. ಆತನು ಓಡಾಡುವುದನ್ನು ಹೊಸದಾಗಿ ಕಲಿತನು. ಜೆಂಟಮೈಸಿನ್ ಮುಂತಾದ ಚುಚ್ಚುಮದ್ದುಗಳಿಂದ ಇಂದಿಗೂ ಈ ಆಪತ್ತು ಬರುವುದುಂಟು.

ಹೀಗೆ ಕಲಿಯುವ ಶಕ್ತಿ ಎಲ್ಲರ ಮಿದುಳಿಗೂ ಸ್ವಲ್ಪ ಹೆಚ್ಚು ಕಡಿಮೆ ಇದೆ. ಒಂದು ಕಿವಿ ತಪ್ಪು ಸುದ್ದಿ ಕಳಿಸುತ್ತಿದ್ದರೆ ಮಿದುಳು ಕ್ರಮೇಣ ಲೆಕ್ಕ ಸರಿಪಡಿಸಿಕೊಳ್ಳುತ್ತದೆ. ಆದರೆ ಅದು ಕಲಿಯುವುದು ತಲೆ ಆಡಿದಾಗ ಮಾತ್ರ. 1940ರ ದಶಕದಲ್ಲಿ ಇಂಗ್ಲೆಂಡಿನ ಕಾಥಾರ್ನ್ ಮತ್ತು ಕುಕ್ಸಿ ಎಂಬ ವೈದ್ಯರು, ಮಲಗಿಕೊಂಡೇ ಇದ್ದ ರೋಗಿಗಳಿಗಿಂತ ಎದ್ದು ಓಡಾಡಿದವರು ಬೇಗ ಗುಣವಾಗುವುದನ್ನು ಗಮನಿಸಿ, ಒಂದು ವ್ಯಾಯಾಮಕ್ರಮವನ್ನೇ ರೂಪಿಸಿದರು. ಕಿವಿಯ ಕೋಪ ಇಳಿದ ಮೇಲೂ ತಿಂಗಳುಗಟ್ಟಲೆ ಸುತ್ತು ತಡೆಯುವ ಗುಳಿಗೆ ನುಂಗುತ್ತ ಮಲಗುವವರು ಈ ಕಲಿಕೆಗೆ ತಾವೇ ಅಡ್ಡಿಯಾಗುತ್ತಾರೆ. ವಾಂತಿ ವಿಪರೀತವಾದ ಮೊದಲ ಕೆಲವು ದಿನಗಳಿಗಷ್ಟೇ ಆ ಗುಳಿಗೆ ಮೇಲು.

ಇಲ್ಲಿ ಮನೆಯವರ ಪ್ರೀತಿಯೇ ಕೆಲವೊಮ್ಮೆ ಶತ್ರುವಾಗುತ್ತದೆ. “ಏಳಬೇಡಿ ಅಮ್ಮಾ, ಬಿದ್ದೀರಿ” ಎಂದು ಮಕ್ಕಳು ಎಲ್ಲವನ್ನೂ ಮಂಚದ ಬಳಿಗೇ ತಂದುಕೊಡುತ್ತಾರೆ. ಆಕೆ ಮೊದಲು ದೇವಸ್ಥಾನಕ್ಕೆ ಹೋಗುವುದನ್ನು ಬಿಡುತ್ತಾಳೆ, ಆಮೇಲೆ ಅಂಗಡಿಗೆ, ಕಡೆಗೆ ಅಂಗಳಕ್ಕೆ. ಬೀಳುವ ಭಯ ನಿಜವೇ. ಅದಕ್ಕೆ ಬಚ್ಚಲಿನಲ್ಲಿ ಹಿಡಿಯಲೊಂದು ಕಂಬಿ, ರಾತ್ರಿಯಿಡೀ ಉರಿಯುವ ಸಣ್ಣ ದೀಪ ಬೇಕು. ಕತ್ತಲಲ್ಲಿ ಕಣ್ಣಿನ ನೆರವೂ ತಪ್ಪುವುದರಿಂದ ಬೀಳುವುದು ಹೆಚ್ಚಾಗಿ ಆಗಲೇ. ಸ್ಟೂಲು ಹತ್ತುವುದು, ಸ್ಕೂಟರು ನಡೆಸುವುದು, ಕೆರೆಬಾವಿಗಳಲ್ಲಿ ಈಜುವುದು ವೈದ್ಯರ ಒಪ್ಪಿಗೆ ಸಿಗುವವರೆಗೆ ಬೇಡ.

ಉಳಿದಂತೆ ಆಕೆಯನ್ನು ಎಬ್ಬಿಸಬೇಕು. ಕಾಥಾರ್ನ್ ಕ್ರಮದಲ್ಲಿ ಮೊದಲು ಮಲಗಿದಲ್ಲೇ ಕಣ್ಣು ಆಡಿಸುವುದು. ಆಮೇಲೆ ತಲೆ, ನಿಧಾನವಾಗಿ, ಬರಬರುತ್ತ ವೇಗವಾಗಿ. ಬಳಿಕ ಕುಳಿತು ಬಗ್ಗಿ ನೆಲದ ವಸ್ತುವನ್ನು ಎತ್ತಿಕೊಳ್ಳುವುದು. ನಿಂತು ಒಂದು ಕೈಯಿಂದ ಇನ್ನೊಂದು ಕೈಗೆ ಚೆಂಡು ಎಸೆಯುವುದು. ಮೊದಲ ದಿನಗಳಲ್ಲಿ ಸುತ್ತು ಕೊಂಚ ಹೆಚ್ಚಾದೀತು, ಹೆದರಿ ಬಿಡಬಾರದು. ಕೊನೆಯ ಪಾಠ ಮೆಟ್ಟಿಲು ಹತ್ತಿ ಇಳಿಯುವುದು: ಕೆಲವು ದಿನ ಕಣ್ಣು ತೆರೆದು, ಅನಂತರ ಮುಚ್ಚಿ. ಆಗ ಮಾತ್ರ ಪಕ್ಕದಲ್ಲಿ, ಕೈಗೆ ಸಿಗುವಷ್ಟು ಹತ್ತಿರದಲ್ಲಿ, ಮನೆಯವರೊಬ್ಬರು ನಿಂತಿರಬೇಕು.