ರೆಟ್ಗರ್ಸೈಟ್ ಎಂಬ ಅಪೂರ್ವ ಖನಿಜ

ನಿಕ್ಕಲ್ ಲೋಹದ ಗಂಧಕಾಮ್ಲಲವಣವು ನೀರಿನ ಏಳು ಅಣುಗಳೊಡನೆ ಹರಳುಗಟ್ಟಿದರೆ ಮೊರೆನೊಸೈಟ್ ಎನಿಸುವುದು. ಆರು ಅಣುಗಳೊಡನೆ ಚತುಷ್ಕೋನೀಯ ಹರಳಾದರೆ ರೆಟ್ಗರ್ಸೈಟ್. ಈ ಎರಡನೆಯದನ್ನು ಪೆರು ದೇಶದ ರಾಗ್ರಾ ಗಣಿಯ ಮಾದರಿಗಳಿಂದ 1949ರಲ್ಲಿ ವರ್ಣಿಸಿದವರು ಫ್ರಾಂಡೆಲ್ ಮತ್ತು ಪಾಲಾಷ್. ಹೆಸರು ಡಚ್ ಸ್ಫಟಿಕಶಾಸ್ತ್ರಜ್ಞ ರೆಟ್ಗರ್ಸನದು.

ಎರಡೂ ಹಸುರು, ಎರಡೂ ಮೃದು, ಎರಡೂ ನೀರಿನಲ್ಲಿ ಕರಗುವುವು. ಅಮೋನಿಯ ಬೆರೆಸಿದ ದ್ರಾವಣಕ್ಕೆ ಡೈಮೀಥೈಲ್‌ಗ್ಲೈಆಕ್ಸಿಮನ್ನು ಹಾಕಿದರೆ ಕೆಂಪು ಗಷ್ಟು ಇಳಿದು ನಿಕ್ಕಲಿನ ಇರವು ತಿಳಿಯುವುದೇ ಹೊರತು, ಖನಿಜ ಯಾವುದೆಂಬುದು ತಿಳಿಯದು. ಅದಕ್ಕೆ ಸೂಕ್ಷ್ಮದರ್ಶಕವೇ ಬೇಕು: ಬೆಳಕು ಇಬ್ಭಾಗವಾಗದೆ ಸಾಗುವ ದಿಕ್ಕು ರೆಟ್ಗರ್ಸೈಟಿನಲ್ಲಿ ಒಂದು, ಮೊರೆನೊಸೈಟಿನಲ್ಲಿ ಎರಡು.

ಇನ್ನೊಂದು ತೊಡಕುಂಟು. ಒಣಗಾಳಿಯಲ್ಲಿ ಮೊರೆನೊಸೈಟ್ ನೀರನ್ನು ಬಿಟ್ಟುಕೊಟ್ಟು ರೆಟ್ಗರ್ಸೈಟ್ ಆಗಬಲ್ಲುದು. ಆದುದರಿಂದ ಹಳೆಯ ಸಂಗ್ರಹಾಲಯಗಳಲ್ಲಿ ಮೊರೆನೊಸೈಟ್ ಎಂದು ಬರೆದ ಚೀಟಿಯ ಬಳಿ ಇಂದಿರುವ ಹರಳು ರೆಟ್ಗರ್ಸೈಟೇ ಆಗಿರಬಹುದು.